ಪಿಂಚಣಿ, ನಿವೃತ್ತಿ ವೇತನ ಬೇರೆ ಬೇರೆಯಾ?

ಅಮ್ಮನ ಅರ್ಜಿಯಲ್ಲಿ ಒಂದು ಕಡೆ 'ಪಿಂಚಣಿ', ಇನ್ನೊಂದು ಕಡೆ 'ನಿವೃತ್ತಿ ವೇತನ' ಅಂತಿದೆ, ಎರಡೂ ಒಂದೇನಾ ಅಂತ ಕೇಳಿದ್ದೀರಿ. ಅಲ್ಲಿ ಎರಡೂ ಒಂದೇ, ತಲೆ ಕೆಡಿಸಿಕೊಳ್ಳಬೇಡಿ.

ಪಿಂಚಣಿ ಅನ್ನೋದು ಇಂಗ್ಲಿಷಿನ ಪೆನ್ಶನ್ನೇ, ಕನ್ನಡದ ಬಾಯಿಗೆ ಒಗ್ಗಿದ ರೂಪ. ತೆಲುಗಿನವರು ಪಿಂಛನು ಅಂತಾರೆ. ನಿವೃತ್ತಿ ವೇತನ ಕಡತಕ್ಕಾಗಿ ಕಟ್ಟಿದ ಪದ, ನಮ್ಮ ಉಡುಪಿಯಲ್ಲಿ ಬಸ್ಸಿಗೆ ಕಾಯುವಾಗ ಯಾರಾದರೂ "ನಿವೃತ್ತಿ ವೇತನ ಬಂತಾ?" ಅಂತ ಕೇಳಿದ್ದನ್ನು ನಾನಂತೂ ಕೇಳಿಲ್ಲ. "ಪೆನ್ಶನ್ ಆಯ್ತಾ?" ಅಂತಲೇ ಕೇಳೋದು, ಅದಕ್ಕೆ 'ಕೆಲಸದಿಂದ ನಿವೃತ್ತಿ ಆಯ್ತಾ' ಅನ್ನುವ ಅರ್ಥವೂ ಇದೆ.

ಆದರೆ ಪಿಂಚಣಿಯ ವ್ಯಾಪ್ತಿ ಜಾಸ್ತಿ. ಕೆಲಸದಲ್ಲಿದ್ದವರು ತೀರಿಕೊಂಡ ಮೇಲೆ ಮನೆಯವರಿಗೆ ಬರುವುದು ಕುಟುಂಬ ಪಿಂಚಣಿ. ಬಡ ಹಿರಿಯರಿಗೆ ಸರ್ಕಾರ ಕೊಡುವ ಸಂಧ್ಯಾ ಸುರಕ್ಷಾದ ಹಣವನ್ನೂ ಜನ ಪಿಂಚಣಿ ಅಂತಲೇ ಕರೆಯುತ್ತಾರೆ, ಅಲ್ಲಿ ನಿವೃತ್ತಿಯ ಮಾತೇ ಇಲ್ಲ ಅಲ್ವಾ? ಯಕ್ಷಗಾನದ ಹಿರಿಯ ಕಲಾವಿದರಿಗೆ ಸರ್ಕಾರ ಕೊಡುವುದಕ್ಕೆ ಮಾತ್ರ ಮಾಸಾಶನ ಅನ್ನುವ ಚೆಂದದ ಹೆಸರಿದೆ.

ಅಮ್ಮ ಬೀಡಿ ಕಟ್ಟುತ್ತಿದ್ದರು ಅಂದಿರಲ್ಲ, ಹಾಗಾದರೆ ಒಂದು ವಿಷಯ ನೋಡಿಕೊಳ್ಳಿ. ಭವಿಷ್ಯ ನಿಧಿ ಅಂದರೆ ಪಿಎಫ್, ಉಪದಾನ ಅಂದರೆ ಗ್ರಾಚ್ಯುಟಿ, ಇವೆರಡೂ ಸಾಮಾನ್ಯವಾಗಿ ಒಂದೇ ಸಲ ಕೈಗೆ ಬರುವ ದುಡ್ಡು. ಪಿಂಚಣಿ ತಿಂಗಳು ತಿಂಗಳು ಬರುವುದು. ಪಿಎಫ್ ಜೊತೆಗಿನ 1995ರ ಪಿಂಚಣಿ ಯೋಜನೆಯಲ್ಲಿ ಅದು ಸಿಗಬೇಕಾದರೆ ಸಾಮಾನ್ಯವಾಗಿ 10 ವರ್ಷದ ಸೇವೆ ಇರಬೇಕು, 58 ತುಂಬಬೇಕು. ನನ್ನ ಚಿಕ್ಕಮ್ಮ ಪಿಎಫ್ ದುಡ್ಡು ಬಂದದ್ದೇ ಪೆನ್ಶನ್ ಅಂದುಕೊಂಡು ಎರಡು ವರ್ಷ ಸುಮ್ನೆ ಕೂತಿದ್ದರು.