ಯಾವ ಬೋರ್ಡ್ ಆರಿಸಿದರೂ #ಇಫ್ ಮೊದಲನೆಯದನ್ನೇ ಹಿಡಿಯುತ್ತದೆ, ಯಾಕೆ?

ಪುಣೆಯ ಹಿಂಜವಡಿಯಲ್ಲಿ ಫರ್ಮ್‌ವೇರ್ (ಬೋರ್ಡ್ ಮೇಲೆ ಓಡುವ ಪ್ರೋಗ್ರಾಂ) ಕೆಲಸಕ್ಕೆ ಸೇರಿದ್ದೀರಿ, ಯಾವ ಬೋರ್ಡಿಗೆ ಯಾವ ಸಿ ಕೋಡ್ ಎಂಬುದನ್ನು #ಇಫ್ ಸಾಲು ಆರಿಸಬೇಕು, ಬಿಲ್ಡ್ ಸೂಚನೆಗಳಿರುವ ಮೇಕ್‌ಫೈಲ್‌ನಲ್ಲಿ '-ಡಿ ಬೋರ್ಡ್=ಬೋರ್ಡ್_ಬಿ' ಕೊಟ್ಟರೂ ಬೋರ್ಡ್_ಎ ಕೋಡೇ ಕಂಪೈಲ್ ಆಗುತ್ತಿದೆ, ಪಕ್ಕದ ಸೀಟಿನವರ 'ಕ್ಲೀನ್ ಕರೂನ್ ಪರತ್ ಬಿಲ್ಡ್ ಕರಾ' (ಹಳೆಯದನ್ನು ಅಳಿಸಿ ಮತ್ತೆ ಬಿಲ್ಡ್ ಮಾಡಿ) ಕೂಡ ಫಲ ಕೊಡಲಿಲ್ಲ ಎಂದಿದ್ದೀರಿ. ನೀವು ತೋರಿಸಿದ ಹೆಡರ್‌ನಲ್ಲೇ ಕಾರಣವಿದೆ: ಬೋರ್ಡ್_ಎ, ಬೋರ್ಡ್_ಬಿ ಎರಡನ್ನೂ ಎನಮ್‌ನಲ್ಲಿ (ಸಂಖ್ಯೆಗಳಿಗೆ ಹೆಸರಿಡುವ ಸಿ ಪಟ್ಟಿ) ಬರೆದಿದ್ದೀರಿ.

ಕಂಪೈಲ್‌ಗೂ ಮೊದಲು #ಇಫ್‌ನಂಥ ಸಾಲುಗಳನ್ನು ನೋಡಿಕೊಳ್ಳುವ ಪ್ರಿಪ್ರೊಸೆಸರ್‌ಗೆ ಎನಮ್ ಎಂದರೇನೆಂದೇ ಗೊತ್ತಿಲ್ಲ. #ಇಫ್ ಸಾಲಿನಲ್ಲಿ ಮ್ಯಾಕ್ರೋ (#ಡಿಫೈನ್ ಅಥವಾ '-ಡಿ'ಯಿಂದ ಕೊಟ್ಟ ಹೆಸರು) ಅಲ್ಲದ ಹೆಸರು ಸಿಕ್ಕರೆ ತುಟಿಪಿಟಕ್ ಎನ್ನದೆ 0 ಎಂದುಕೊಳ್ಳುತ್ತದೆ. 'ಬೋರ್ಡ್ == ಬೋರ್ಡ್_ಎ' ಅದಕ್ಕೆ '0 == 0'. ಸೈಜ್‌ಆಫ್ ಹಾಕಿದ್ದರೆ ಎರರ್ ಆದರೂ ಬರುತ್ತಿತ್ತು, ಇಲ್ಲಿ ಅದೂ ಇಲ್ಲ.

ಎನಮ್ ತೆಗೆದು #ಡಿಫೈನ್ ಮಾಡಿ, ಬೋರ್ಡ್_ಎ 1, ಬೋರ್ಡ್_ಬಿ 2. ಎಣಿಕೆ 0ಯಿಂದ ಬೇಡ. ಬೋರ್ಡ್ ಕೊಡುವುದನ್ನೇ ಮರೆತಾಗ ಅದೂ 0 ಆಗಿ ಮೊದಲ ಬೋರ್ಡಿಗೆ ಹೊಂದಿಬಿಡುತ್ತದೆ. ಕೊನೆಯ #ಎಲ್ಸ್‌ನಲ್ಲಿ #ಎರರ್ ಇರಲಿ, ಯಾವ ಬೋರ್ಡೂ ಹೊಂದದಿದ್ದರೆ ಕಂಪೈಲ್ ಅಲ್ಲೇ ನಿಲ್ಲುತ್ತದೆ. ಜಿಸಿಸಿ ಕಂಪೈಲರ್‌ಗೆ '-ಡಬ್ಲ್ಯುಅನ್‌ಡೆಫ್' ಕೊಟ್ಟರೆ ಇಂಥ ಹೆಸರುಗಳಿಗೆ ವಾರ್ನಿಂಗ್ ಬರುತ್ತದೆ. '-ಡಬ್ಲ್ಯುಆಲ್' ಇದೆಯಲ್ಲ ಎಂದು ಸುಮ್ಮನಿರಬೇಡಿ, ಅದರೊಳಗೆ ಇದು ಸೇರಿಲ್ಲ.

ಇನ್ನೂ ಅನುಮಾನವಿದ್ದರೆ ಊಹೆ ಬಿಟ್ಟು ಕಣ್ಣಾರೆ ನೋಡಿ. 'ಮೇಕ್ -ಎನ್ -ಬಿ' (ಎನ್ ಚಿಕ್ಕದು, ಬಿ ದೊಡ್ಡದು) ಏನನ್ನೂ ಕಂಪೈಲ್ ಮಾಡದೆ ಕಮಾಂಡ್‌ಗಳನ್ನಷ್ಟೇ ತೋರಿಸುತ್ತದೆ. ಆ ಫೈಲಿನ ಸಾಲನ್ನು ಕಾಪಿ ಮಾಡಿ, '-ಸಿ' ಇರುವಲ್ಲಿ ದೊಡ್ಡ '-ಇ' ಹಾಕಿ, ಚಿಕ್ಕ '-ಓ' ಮುಂದಿನ ಹೆಸರನ್ನು '.ಐ' ಮಾಡಿ. ಹೆಸರು ಬದಲಿಸದಿದ್ದರೆ ಆಬ್ಜೆಕ್ಟ್ ಫೈಲ್ (ಕಂಪೈಲ್ ಆಗಿ ಬಂದ ಫೈಲ್) ಮೇಲೇ ಪಠ್ಯ ಬರೆದುಬಿಡುತ್ತದೆ. ಬಂದ ಫೈಲನ್ನು ಕೊನೆಯಿಂದ ಓದಿ, ಮೇಲಿನ ಸಾವಿರಾರು ಸಾಲು ಹೆಡರ್‌ಗಳದ್ದು. '-ಡಿಎಂ' (ಡಿ ಚಿಕ್ಕದು, ಎಂ ದೊಡ್ಡದು) ಕೂಡ ಸೇರಿಸಿದರೆ ಕೋಡ್ ಬದಲು ಮ್ಯಾಕ್ರೋಗಳ ಪಟ್ಟಿ ಬರುತ್ತದೆ. ಅದರಲ್ಲಿ ಬೋರ್ಡ್ ಹುಡುಕಿ.

'ಡೀಬಗ್=0' ಕೊಟ್ಟರೂ ಲಾಗ್ ನಿಲ್ಲುತ್ತಿಲ್ಲ ಎಂದದ್ದು ಬೇರೆ ರೋಗ: #ಇಫ್‌ಡೆಫ್ ಬೆಲೆ ನೋಡುವುದಿಲ್ಲ, ಹೆಸರಿದ್ದರೆ ಸಾಕು. ಅಲ್ಲಿ '#ಇಫ್ ಡೀಬಗ್' ಬರೆಯಿರಿ.

ಪಕ್ಕದವರ ಸಲಹೆಯೂ ಪೂರ್ತಿ ಸುಳ್ಳಲ್ಲ. 'ಮೇಕ್' ಕಮಾಂಡ್ ಫೈಲುಗಳು ಬದಲಾದ ಸಮಯ ನೋಡುತ್ತದೆಯೇ ಹೊರತು '-ಡಿ'ಯಂಥ ಫ್ಲ್ಯಾಗ್ ಬದಲಾದದ್ದನ್ನು ತಾನಾಗಿ ಗಮನಿಸುವುದಿಲ್ಲ, ಹಾಗಾಗಿ ಕ್ಲೀನ್ ಮಾಡದಿದ್ದರೆ ಹಳೆಯ ಆಬ್ಜೆಕ್ಟ್ ಹಾಗೇ ಉಳಿಯಬಹುದು. ಸ್ಟ್ರಕ್ಟ್ (ಹಲವು ಡೇಟಾಗಳನ್ನು ಒಟ್ಟಿಗಿಡುವ ಸಿ ರಚನೆ) ಒಳಗೆ #ಇಫ್ ಇದ್ದರಂತೂ ಹಳೆಯ ಆಬ್ಜೆಕ್ಟ್‌ಗೆ ಒಂದು ಅಳತೆ, ಹೊಸದಕ್ಕೆ ಇನ್ನೊಂದು; ಆಬ್ಜೆಕ್ಟ್‌ಗಳನ್ನು ಜೋಡಿಸುವ ಲಿಂಕರ್ ಚಕಾರವೆತ್ತುವುದಿಲ್ಲ, ಬೋರ್ಡ್ ಮೇಲೆ ಮೆಮೊರಿ ಕೆಡುತ್ತದೆ.