ತೊಡೆಮೂಳೆಯ ತಲೆ ಕುಸಿಯುವ ಮುನ್ನ

ಪ್ರಶ್ನೆ: ನಾನು ಶಿಡ್ಲಘಟ್ಟದ ರೇಷ್ಮೆ ನೂಲು ಬಿಚ್ಚಾಣಿಕೆದಾರ, ವಯಸ್ಸು 37. ಮೂತ್ರಪಿಂಡದ ಕಾಯಿಲೆಗಾಗಿ ಹಲವು ತಿಂಗಳು ಸ್ಟೀರಾಯ್ಡ್ ಮಾತ್ರೆ ಸೇವಿಸಿದ್ದೆ. ಈಗ ಬಲ ತೊಡೆಸಂದಿನಲ್ಲಿ ನೋವಿದೆ. ಫ್ಲೋರೈಡ್ ನೀರೇ ಕಾರಣವೆಂದು ಊರಿನವರು ಹೇಳುತ್ತಾರೆ. ಎಂಆರ್‌ಐ ನೋಡಿದ ವೈದ್ಯರು ಮಾತ್ರ, ರಕ್ತ ಹರಿಯದೆ ಬಲಗಡೆಯ ಮೂಳೆ ಸತ್ತಿದೆ, ಇನ್ನೂ ಕುಸಿದಿಲ್ಲ, ಈಗಲೇ ರಂಧ್ರ ಕೊರೆಯುವ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಿ ಎಂದಿದ್ದಾರೆ. ಮುಂದೆ ಕೀಲನ್ನೇ ಬದಲಾಯಿಸಬಹುದಲ್ಲ, ಅಲ್ಲಿಯವರೆಗೆ ಕಾಯಬಾರದೇ?

ಉತ್ತರ: ಕಾಯಬೇಡಿ. ನಡೆದಾಡಲು ಆಗುತ್ತಿರುವಾಗ ಶಸ್ತ್ರಚಿಕಿತ್ಸೆಗೆ ಮನಸ್ಸು ಒಪ್ಪುವುದಿಲ್ಲವೆಂಬುದನ್ನು ಬಲ್ಲೆ; ಆದರೆ ನಿಮ್ಮ ವೈದ್ಯರು ಹೇಳಿದ ಚಿಕಿತ್ಸೆ ಫಲ ಕೊಡುವುದು ತೊಡೆಮೂಳೆಯ ತಲೆ, ಅಂದರೆ ಸೊಂಟದ ಗುಳಿಯಲ್ಲಿ ಕೂರುವ ಅದರ ಮೇಲ್ತುದಿಯ ಚೆಂಡು, ಗುಂಡಗೆ ಉಳಿದಿರುವಷ್ಟು ಕಾಲ ಮಾತ್ರ. ಫ್ಲೋರೈಡ್‌ನಿಂದಲೂ ನಮ್ಮ ಭಾಗದಲ್ಲಿ ಕೀಲುನೋವು ಬರುತ್ತದೆ, ನಿಜ. ಅದರಲ್ಲಿ ಮೂಳೆ ಅತಿಯಾಗಿ ಗಟ್ಟಿಯಾಗುತ್ತದೆ, ಬೆನ್ನು ಬಿಗಿಯುತ್ತದೆ. ನಿಮ್ಮ ತೊಂದರೆ ಬೇರೆ. ಅದಕ್ಕೆ ಸ್ಟೀರಾಯ್ಡ್ ಪ್ರಮುಖ ಕಾರಣಗಳಲ್ಲೊಂದು. ಈಗಲೂ ಆ ಮಾತ್ರೆ ನಡೆಯುತ್ತಿದ್ದರೆ ನೀವಾಗಿಯೇ ನಿಲ್ಲಿಸಬೇಡಿ, ಮೂತ್ರಪಿಂಡದ ವೈದ್ಯರನ್ನು ಕೇಳಿ.

ಕೋರ್ ಡಿಕಂಪ್ರೆಷನ್ ಎಂಬ ಈ ಶಸ್ತ್ರಚಿಕಿತ್ಸೆಯಲ್ಲಿ ತೊಡೆಯ ಹೊರಬದಿಯಿಂದ ಮೂಳೆಯ ಕುತ್ತಿಗೆಯ (ತಲೆಯ ಕೆಳಗಿನ ಕಿರಿದಾದ ಭಾಗದ) ಮೂಲಕ ಸತ್ತ ಭಾಗದವರೆಗೆ ರಂಧ್ರ ಕೊರೆದು ಒಳಗಿನ ಒತ್ತಡವನ್ನು ತಗ್ಗಿಸುತ್ತಾರೆ. ಇದರಿಂದ ನೋವು ಇಳಿಯುತ್ತದೆ, ಹೊಸ ರಕ್ತನಾಳಗಳು ಬೆಳೆಯಲು ದಾರಿಯಾಗುತ್ತದೆ. ಕೆಲವೆಡೆ ಆ ರಂಧ್ರಕ್ಕೆ ರೋಗಿಯದೇ ಮೂಳೆಯ ಚೂರುಗಳನ್ನು ಅಥವಾ ಅಸ್ಥಿಮಜ್ಜೆಯನ್ನು ತುಂಬುವುದೂ ಉಂಟು. ಕೊರೆದ ಮೂಳೆ ಕೆಲಕಾಲ ದುರ್ಬಲವಾಗಿರುವುದರಿಂದ ಸುಮಾರು 6 ವಾರ ಊರುಗೋಲು ಬಿಟ್ಟು ಆ ಕಾಲಿನ ಮೇಲೆ ಪೂರ್ತಿ ಭಾರ ಹಾಕಬಾರದು. ಈ ಅವಧಿಯಲ್ಲಿ ಬಿಚ್ಚಾಣಿಕೆಯ ಕೆಲಸಕ್ಕೆ ಮನೆಯವರನ್ನೋ ಕೂಲಿಯವರನ್ನೋ ಮೊದಲೇ ಗೊತ್ತುಮಾಡಿಕೊಳ್ಳಿ. ಆತುರದಿಂದ ಕೆಲಸಕ್ಕೆ ಇಳಿದರೆ ಮೂಳೆ ಮುರಿಯುವ ಅಪಾಯವಿದೆ. ಸತ್ತ ಭಾಗ ದೊಡ್ಡದಾಗಿದ್ದು, ಭಾರ ಹೊರುವ ಜಾಗದಲ್ಲೇ ಇದ್ದರೆ ಶಸ್ತ್ರಚಿಕಿತ್ಸೆಯ ನಂತರವೂ ತಲೆ ಕುಸಿಯಬಹುದು. ಆದ್ದರಿಂದ ಆ ಭಾಗದ ಅಳತೆಯನ್ನು ವೈದ್ಯರಿಂದ ಕೇಳಿ ತಿಳಿದುಕೊಳ್ಳಿ.

ತಲೆ ಕುಸಿದು ಕೀಲು ಸವೆದ ಮೇಲೆ ಸಂಪೂರ್ಣ ಕೀಲು ಬದಲಾವಣೆಯೇ ಭರವಸೆಯ ಚಿಕಿತ್ಸೆ, ಅದರಿಂದ ನೋವು ಚೆನ್ನಾಗಿಯೇ ಹೋಗುತ್ತದೆ. ಆದರೆ ಕೃತಕ ಕೀಲು ಸವೆಯುವ ವಸ್ತು. 37ಕ್ಕೆ ಹಾಕಿಸಿಕೊಂಡವರಿಗೆ ಜೀವಿತದಲ್ಲಿ ಮತ್ತೊಮ್ಮೆ ಬದಲಾಯಿಸಬೇಕಾಗುವ ಸಾಧ್ಯತೆ ಹೆಚ್ಚು, ಆ ಎರಡನೆಯ ಶಸ್ತ್ರಚಿಕಿತ್ಸೆ ಮೊದಲನೆಯದಕ್ಕಿಂತ ಕಷ್ಟದ್ದು. ನಿಮ್ಮ ಸ್ವಂತ ಕೀಲು ಇನ್ನು ಕೆಲವು ವರ್ಷ ಬಾಳಿದರೂ ಅದು ದೊಡ್ಡ ಲಾಭವೇ.

ಎಡ ಸೊಂಟದ ವಿಷಯವನ್ನು ನೀವು ಬರೆದಿಲ್ಲ. ಸ್ಟೀರಾಯ್ಡ್‌ನಿಂದ ಬಂದಾಗ ಎರಡೂ ಬದಿಗೆ ತಗಲುವುದು ಸಾಮಾನ್ಯ, ಆರಂಭದಲ್ಲಿ ನೋವೂ ಇರದು, ಎಕ್ಸ್‌ರೇಯಲ್ಲೂ ಕಾಣದು; ಅದೇ ಎಂಆರ್‌ಐ ವರದಿಯಲ್ಲಿ ಎಡಗಡೆಯ ಬಗ್ಗೆ ಏನಿದೆಯೆಂದು ಶಸ್ತ್ರಚಿಕಿತ್ಸೆಗೆ ಮುನ್ನವೇ ಕೇಳಿ.