ಹಣ್ಣೊಂದೇ ಸಾಲದು, ಹುಳವೂ ಬೇಕು

ಬದಿಯಡ್ಕದ ಓದುಗರೊಬ್ಬರ ಪತ್ರ: ‘ನಮ್ಮ ಬೇಲಿಯ ಲಂಟಾನಕ್ಕೆ ದಿನಾ ಪಿಕಳಾರ, ಸೂರಕ್ಕಿ ಬರುತ್ತವೆ. ಅದನ್ನು ಕಡಿಯಿರಿ ಎಂದು ಬರೆಯುತ್ತೀರಲ್ಲ, ಹಕ್ಕಿಗಳ ಮೇಲೆ ನಿಮಗೇನು ಕೋಪ?’

ಸಂಪಾದಕರ ಉತ್ತರ: ಹಕ್ಕಿ ಬರುವುದು ನಿಜ, ಮುಳ್ಳುಪೊದೆಯಲ್ಲಿ ಗೂಡಿಗೆ ಮರೆಯೂ ಸಿಗುತ್ತದೆ. ಒಪ್ಪಿದೆವು. ಆದರೆ ಇಷ್ಟು ಶ್ರದ್ಧೆಯಿಂದ ನೋಡುವ ನೀವು, ಅದೇ ಪಿಕಳಾರ ಮರಿಯ ಬಾಯಿಗೆ ಏನಿಡುತ್ತದೆ ಎಂಬುದನ್ನೂ ನೋಡಬೇಕಿತ್ತು. ಕಣ್ಣು ಬಿಡದ ಮರಿಗೆ ಮೆತ್ತಗಿನ ಹುಳವೇ ಆಗಬೇಕು. ಅಮೆರಿಕದ ಚಿಕಡಿ ಎಂಬ ಪುಟಾಣಿ ಹಕ್ಕಿ ಒಂದು ಗೂಡಿನ ಮರಿಗಳನ್ನು ಸಾಕಲು 6,000ದಿಂದ 9,000 ಕಂಬಳಿಹುಳ ಹಿಡಿಯುತ್ತದೆ. ಲಂಟಾನದಂಥ, ಹೊರಗಿನಿಂದ ಬಂದ ಗಿಡದ ಎಲೆ ನಮ್ಮ ಹೆಚ್ಚಿನ ಹುಳಗಳಿಗೆ ಸೇರುವುದಿಲ್ಲ. ಬೇಲಿ ತುಂಬ ಹಸಿರಿದ್ದರೂ ಮರಿಗೆ ಉಪವಾಸ.

ಕೆಲವು ಹಣ್ಣಂತೂ ನೇರ ವಿಷ. 2009ರಲ್ಲಿ ಅಮೆರಿಕದ ಜಾರ್ಜಿಯಾದಲ್ಲಿ, ಅಂಗಳದ ಅಂದಕ್ಕೆ ನೆಟ್ಟ ನಂದಿನಾದ ಕೆಂಪು ಹಣ್ಣನ್ನು ಗಂಟಲುಮಟ್ಟ ತಿಂದ ವ್ಯಾಕ್ಸ್‌ವಿಂಗ್ ಹಕ್ಕಿಗಳು ಸಯನೈಡಿನಿಂದ ಹಿಂಡಾಗಿ ಸತ್ತವು. ಲಂಟಾನವೂ 19ನೇ ಶತಮಾನದ ಆರಂಭದಲ್ಲಿ ಕಲ್ಕತ್ತದ ಸಸ್ಯೋದ್ಯಾನಕ್ಕೆ ಚಂದದ ಹೂಗಿಡವಾಗಿಯೇ ಬಂದದ್ದು. ಅದರ ಬೀಜವನ್ನು ಕಾಡಿಗೆ ಹೊತ್ತದ್ದು ಪಿಕಳಾರದಂಥ ಹಕ್ಕಿಗಳೇ.

ಕತ್ತಿಯಲ್ಲಿ ಸವರಿದರೆ ಲಂಟಾನ ಬುಡದಿಂದ ಇನ್ನಷ್ಟು ಒತ್ತಾಗಿ ಚಿಗುರುತ್ತದೆ. ಕಾಯಿ ಹಣ್ಣಾಗುವ ಮೊದಲು, ಮಣ್ಣು ಹಸಿಯಿರುವಾಗ, ಪಿಕ್ಕಾಸಿನಿಂದ ತಾಯಿಬೇರನ್ನು ನೆಲಮಟ್ಟಕ್ಕಿಂತ 3ರಿಂದ 5 ಸೆಂ.ಮೀ. ಕೆಳಗೆ ಕಡಿಯಿರಿ. ಚಿಗುರುವ ಭಾಗ ಹೀಗೆ ಕಡಿಯುವ ಜಾಗಕ್ಕಿಂತ ಮೇಲೆಯೇ ಇರುವುದು. ಕಡಿದ ಪೊದೆಯನ್ನು ಬುಡ ಮೇಲಾಗಿ ಮಗುಚಿಡಿ. ಬುಡ ಮಣ್ಣಿಗೆ ತಾಗಿದರೆ ಮತ್ತೆ ಬೇರು ಬಿಟ್ಟೀತು. ಗೂಡಿದ್ದರೆ ಮರಿ ಹಾರುವವರೆಗೆ ಆ ಪೊದೆಯನ್ನು ಮುಟ್ಟಬೇಡಿ. ಮುಂದಿನ ಮಳೆಗೆ, ಹಕ್ಕಿ ಕೂರುವ ಮರಗಳ ಅಡಿಯಲ್ಲಿ ಹುಡುಕಿ ಲಂಟಾನದ ಸಸಿ ಕೀಳಿ. ಒಮ್ಮೆಗೇ ಬೋಳಿಸದೆ ತುಂಡು ತುಂಡಾಗಿ ತೆಗೆದು, ತೆರವಾದಲ್ಲಿ ನಮ್ಮ ನೆಲದ್ದೇ ಗಿಡಗಳಾದ ಕೇಪಳ, ನೆಕ್ಕರೆ, ಚೂರಿಮುಳ್ಳು ನೆಡಿ. ಹೀಗೇ ಹೊರಗಿನಿಂದ ಬಂದ, ಹಳದಿ ಹೂವಿನ ವೆಡೆಲಿಯಾವನ್ನು ಕಿತ್ತರೆ ತೋಡಿಗಂತೂ ಎಸೆಯಲೇಬೇಡಿ. ಗೆಣ್ಣುಗೆಣ್ಣಿಗೂ ಬೇರು ಬಿಡುವ ಬಳ್ಳಿ ಅದು, ನೀರಿನಲ್ಲಿ ಹೋಗಿ ಕೆಳಗಿನವರ ಗದ್ದೆ ಹಿಡಿಯುತ್ತದೆ. ಬಿಸಿಲಿಗೆ ಕಾದ ಪಾರೆಯ ಮೇಲೆ ಹರಡಿ, ಗರಿಗರಿಯಾಗಿ ಒಣಗಿಸಿ.

ಹಸಿರಾದರೆ ಸಾಕೆಂಬ ಈ ಲೆಕ್ಕ ನಿಮ್ಮೊಬ್ಬರದಲ್ಲ. ನಮ್ಮ ಪದವುಗಳನ್ನು, ಅಂದರೆ ಮುರಕಲ್ಲಿನ ಬಯಲುಗುಡ್ಡಗಳನ್ನು, ಪಾಳುಭೂಮಿ ಎಂದು ಕರೆದು ಅಕೇಶಿಯಾ ನೆಟ್ಟದ್ದೂ ಇದೇ ಲೆಕ್ಕದಲ್ಲಿ. ಟಿಟ್ಟಿಭ ಬರಿನೆಲದ ಮೇಲೆ ಕಲ್ಲಿನ ಬಣ್ಣದ ಮೊಟ್ಟೆಯಿಟ್ಟು, ನಾಲ್ಕೂ ದಿಕ್ಕು ಕಾಣುವ ಕಡೆ ಕಾವು ಕೂರುವ ಹಕ್ಕಿ. ಅಕೇಶಿಯಾದ ನೆರಳೂ ದಪ್ಪ ತರಗೆಲೆಯೂ ಮುಚ್ಚಿದ ನೆಲದಲ್ಲಿ ಅದಕ್ಕೆ ಜಾಗವೆಲ್ಲಿ? ಜೂನ್ 5ಕ್ಕೆ ಸಸಿ ಹಂಚುವ ಸಂಘದವರೇ, ಪದವುಗಳನ್ನು ಅವುಗಳ ಪಾಡಿಗೆ ಬಿಡಿ. ಕೇಪಳದ ಸಸಿ ಮಾಡಿ ಇಂಥ ಬೇಲಿಗಳಿಗೆ ಕೊಡಿ.